ಹೊಳೆ ದಂಡೆಯ ದಿಬ್ಬದಲ್ಲಿ ಗೋಡುಮಣ್ಣು, ಹಿಂದಿನ ತಗ್ಗಿನಲ್ಲಿ ಜೇಡಿ: ಒಂದೇ ಹೊಳೆ, ಮಣ್ಣು ಯಾಕೆ ಎರಡು ತರಹ?

ನೀವು ಕೇಳಿದ್ದು ಎರಡು ವಿಷಯ. ಹೊಳೆಗೆ ತಾಗಿದ ಎತ್ತರದ ದಂಡೆಯಲ್ಲಿ ಮಣ್ಣು ಪುಡಿಪುಡಿಯಾಗಿ ಹದವಾಗಿದೆ (ಗೋಡುಮಣ್ಣು ಅನ್ನುವುದು ಇದಕ್ಕೇ), ಅದೇ ಜಮೀನಿನ ಹಿಂದಿನ ತಗ್ಗಿನಲ್ಲಿ ಕಾಲಿಗೆ ಅಂಟುವ ಜೇಡಿ ಇದೆ, ಇದು ಯಾಕೆ ಅನ್ನುವುದು ಒಂದು. ಪರೀಕ್ಷೆಯ ವರದಿಯಲ್ಲಿ ‘ನ್ಯಾಚುರಲ್ ಲೆವಿ ಮೇಲಿನ ಗೋಡುಮಣ್ಣು, ನದಿಯ ಮೆಕ್ಕಲು’ ಎಂದು ಬರೆದಿದ್ದಾರೆ, ಅದನ್ನು ನಂಬಿ ಜಮೀನು ತಗೊಳ್ಳಬಹುದಾ ಅನ್ನುವುದು ಇನ್ನೊಂದು. ನಾನು ಕೆಲವು ವರ್ಷ ಮಣ್ಣು ಸರ್ವೆ ಕೆಲಸ ಮಾಡಿದವನು. ಇಂಥ ದಂಡೆ ಮಣ್ಣಿನಲ್ಲಿ ಒಮ್ಮೆ ಚೆನ್ನಾಗಿಯೇ ಮೋಸ ಹೋಗಿದ್ದೇನೆ. ಅದನ್ನೂ ಹೇಳುತ್ತೇನೆ.

ಲೆವಿ ಅಂದ ಕೂಡಲೇ ಜನ ಕಟ್ಟಿದ ಏರಿ ನೆನಪಾಗುತ್ತದೆ, ಅಲ್ವಾ? ಇದು ಅದಲ್ಲ. ಹೊಳೆ ತಾನೇ ಕಟ್ಟಿಕೊಂಡ ಏರಿ ಇದು. ಪಾತ್ರದಲ್ಲಿ ಹರಿಯುವಾಗ ನೀರು ಆಳ, ಸೆಳೆತ ಜಾಸ್ತಿ. ಮರಳನ್ನೂ ಎತ್ತಿಕೊಂಡು ಹೋಗುವ ಕಸುವು ಅದಕ್ಕಿರುತ್ತದೆ. ನೆರೆ ಬಂದು ದಂಡೆ ಮೀರಿ ಹೊರಗೆ ಚೆಲ್ಲಿತು ಅನ್ನಿ. ಅದೇ ನೀರು ಈಗ ಮೊಣಕಾಲುದ್ದ. ಹುಲ್ಲು, ಪೊದೆ ಅಡ್ಡ ಬರುತ್ತವೆ. ಸೆಳೆತ ಥಟ್ಟನೆ ಬೀಳುತ್ತದೆ. ಹೊರಲಾರದ ಹೊರೆಯನ್ನು ನೀರು ಅಲ್ಲೇ ಇಳಿಸುತ್ತದೆ. ಮೊದಲು ಮರಳು, ಆಮೇಲೆ ರೇವೆ. ಜೇಡಿ ಮಾತ್ರ ನೀರಿನ ಜೊತೆ ತೇಲುತ್ತಾ ಹಿಂದಿನ ತಗ್ಗಿನ ತನಕ ಹೋಗುತ್ತದೆ.

ರೇವೆ ಅಂದರೆ ಮರಳಿಗಿಂತ ಸಣ್ಣದು, ಜೇಡಿಗಿಂತ ದಪ್ಪದು. ಲೆಕ್ಕದಲ್ಲಿ 0.05 ಮಿಲಿಮೀಟರ್‌ನಿಂದ 0.002 ಮಿಲಿಮೀಟರ್‌ವರೆಗಿನ ಕಣ. ಅದಕ್ಕಿಂತ ದಪ್ಪಗಿದ್ದರೆ ಮರಳು, ಸಣ್ಣಗಿದ್ದರೆ ಜೇಡಿ. ಅಲುಗಾಡದ ನೀರಿನಲ್ಲಿ 0.05 ಮಿಲಿಮೀಟರ್ ಕಣವೊಂದು 10 ಸೆಂಟಿಮೀಟರ್ ಕೆಳಗೆ ಇಳಿಯಲು ಮುಕ್ಕಾಲು ನಿಮಿಷ ಸಾಕು. 0.002 ಮಿಲಿಮೀಟರ್ ಕಣಕ್ಕೆ ಅಷ್ಟೇ ದೂರ ಇಳಿಯಲು ಸುಮಾರು 8 ಗಂಟೆ ಬೇಕು. ನಿಮ್ಮ ದಿಬ್ಬ ಮತ್ತು ತಗ್ಗಿನ ಜಗಳವೆಲ್ಲ ಇಷ್ಟೇ. ದಂಡೆಯ ಮೇಲೆ ನೀರು ಹರಿದು ದಾಟುತ್ತದೆ, ಜೇಡಿಗೆ ಇಳಿಯಲು ಪುರುಸೊತ್ತೇ ಇಲ್ಲ. ತಗ್ಗಿನಲ್ಲಿ ನೀರು ದಿನಗಟ್ಟಲೆ ನಿಲ್ಲುತ್ತದೆ, ಅಲ್ಲಿ ಅದು ನಿಧಾನಕ್ಕೆ ಇಳಿದು ಕೂರುತ್ತದೆ.

ಪ್ರತಿ ನೆರೆಗೂ ಹೀಗೆ ಒಂದೊಂದು ಪದರ ಕೂತು ದಂಡೆ ಎತ್ತರವಾಗುತ್ತದೆ. ಹೊಳೆಯ ಅಂಚಿನಲ್ಲೇ ಎಲ್ಲಕ್ಕಿಂತ ಎತ್ತರ, ಹಿಂದಕ್ಕೆ ಹೋದಂತೆ ಇಳಿಜಾರು. ಇಳಿಜಾರು ಅಂದರೂ ಕಣ್ಣಿಗೆ ಕಾಣುವಂಥದ್ದಲ್ಲ. ದೊಡ್ಡ ನದಿಗಳಲ್ಲಿ ನೂರು ಮೀಟರ್ ನಡೆದರೆ ಒಂದು ಮೀಟರ್ ಕೂಡ ಇಳಿದಿರುವುದಿಲ್ಲ. ಅಮೆರಿಕದ ಮಿಸಿಸಿಪ್ಪಿ ನದಿಯ ಕೆಳಗಿನ ಭಾಗದಲ್ಲಿ ಈ ದಂಡೆ ಹಿಂದಿನ ಜೌಗಿಗಿಂತ 3ರಿಂದ 5 ಮೀಟರ್ ಎತ್ತರ ಇರುತ್ತದೆ, ಆದರೆ ಅಷ್ಟು ಇಳಿಯಲು ಒಂದು ಕಿಲೋಮೀಟರ್‌ಗಿಂತ ಜಾಸ್ತಿ ನಡೆಯಬೇಕು. ಸಣ್ಣ ಹೊಳೆಗಳಲ್ಲಿ ಇಡೀ ದಿಬ್ಬ ಕೆಲವು ಹತ್ತು ಮೀಟರ್‌ನಲ್ಲೇ ಮುಗಿದುಹೋಗುತ್ತದೆ. ನಿಮ್ಮದು ಅಂಥದ್ದೇ ಇರಬೇಕು, ಅದಕ್ಕೇ ಒಂದೇ ಜಮೀನಿನಲ್ಲಿ ಎರಡೂ ಸಿಕ್ಕಿವೆ.

ಈ ಕೆಲವು ಅಡಿ ಎತ್ತರ ಸಣ್ಣ ವಿಷಯ ಅಲ್ಲ. 1718ರಲ್ಲಿ ಫ್ರೆಂಚರು ನ್ಯೂ ಆರ್ಲಿಯನ್ಸ್ ಊರು ಹಾಕಿದ್ದು ಮಿಸಿಸಿಪ್ಪಿಯ ಇಂಥ ದಂಡೆಯ ಮೇಲೆಯೇ. ಆಮೇಲೆ ಊರು ಬೆಳೆದು ಹಿಂದಿನ ಜೌಗಿಗೆ ಇಳಿಯಿತು. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ತಡೆಗೋಡೆಗಳು ಒಡೆದು ಊರಿನ ಸುಮಾರು 80% ಭಾಗ ನೀರಿನಡಿ ಹೋಯಿತು. ದಂಡೆಯ ಮೇಲಿನ ಹಳೇ ಫ್ರೆಂಚ್ ಕ್ವಾರ್ಟರ್ ಮಾತ್ರ ಬಹುಪಾಲು ಒಣಗಿಯೇ ಇತ್ತು. ಆ ಕಣಿವೆಯ ಮಣ್ಣು ಸರ್ವೆಯಲ್ಲಿ ದಂಡೆಯ ರೇವೆ ಮಣ್ಣಿಗೆ ‘ಕಾಮರ್ಸ್’ ಎಂದು ಹೆಸರು. ಹಿಂದಿನ ತಗ್ಗಿನ, ಒಣಗಿದರೆ ಬಾಯಿ ಬಿಡುವ ಜೇಡಿಗೆ ‘ಶಾರ್ಕಿ’ ಎಂದು ಹೆಸರು. ನಿಮ್ಮ ಜಮೀನಿನ ಎರಡು ತುದಿಗಳ ಹಾಗೆಯೇ ಅವೂ ಅಕ್ಕಪಕ್ಕದ ಮನೆಯವರು. ಇನ್ನೊಂದು ಮಜಾ ಸಂಗತಿ. ಯಾಜೂ ಅನ್ನುವ ನದಿ ಮಿಸಿಸಿಪ್ಪಿಯನ್ನು ಸೇರಬೇಕು, ಆದರೆ ಮಧ್ಯೆ ಈ ದಂಡೆ ಎದ್ದು ನಿಂತಿದೆ. ಅದನ್ನು ದಾಟಲಾರದೆ ದೂರದ ತನಕ ಅದು ಪಕ್ಕದಲ್ಲೇ ಹರಿದು ವಿಕ್ಸ್‌ಬರ್ಗ್ ಹತ್ತಿರ ಹೇಗೋ ಸೇರಿಕೊಳ್ಳುತ್ತದೆ. ಇಂಥ ಉಪನದಿ ಎಲ್ಲೇ ಇರಲಿ, ಭೂಗೋಳದವರು ಅದನ್ನು ಯಾಜೂ ಅಂತಲೇ ಕರೆಯುತ್ತಾರೆ.

ಈಗ ಗೋಡುಮಣ್ಣಿಗೆ ಬರೋಣ. ಪುಸ್ತಕದ ಲೆಕ್ಕದಲ್ಲಿ ಗೋಡು ಅಂದರೆ ಜೇಡಿ 7ರಿಂದ 27%, ರೇವೆ 28ರಿಂದ 50%, ಮರಳು 52%ಗಿಂತ ಕಡಿಮೆ. ದಂಡೆಗಳಲ್ಲಿ ರೇವೆ ಇದಕ್ಕಿಂತ ಜಾಸ್ತಿ ಇರುವುದು ಮಾಮೂಲು. ಆಗ ಅದು ರೇವೆ ಗೋಡು. ಹೊಳೆಯ ಅಂಚಿಗೆ ಹೋದಷ್ಟೂ ಮರಳು ಗೋಡು, ಹಿಂದಕ್ಕೆ ಬಂದಷ್ಟೂ ಜೇಡಿ ಗೋಡು. ಲ್ಯಾಬಿಗೆ ಹೋಗದೆ ಕೈಯಲ್ಲೇ ನೋಡಬಹುದು. ಒಂದು ಮುಷ್ಟಿ ಮಣ್ಣನ್ನು ನೀರು ಚಿಮುಕಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಹೆಬ್ಬೆರಳಿನಿಂದ ತಳ್ಳುತ್ತಾ ಪಟ್ಟಿ ಎಳೆಯಿರಿ. ಒಂದು ಇಂಚಾಗುವ ಮೊದಲೇ ಮುರಿದು ಬಿದ್ದರೆ ಗೋಡು. ಎರಡು ಇಂಚು ದಾಟಿಯೂ ಜೋತಾಡುತ್ತಿದ್ದರೆ ಜೇಡಿ. ರೇವೆ ಜಾಸ್ತಿ ಇದ್ದರೆ ಬೆರಳಿಗೆ ಸೋಪು ಸವರಿದ ಹಾಗೆ ಜಾರುತ್ತದೆ, ಆದರೆ ಅಂಟುವುದಿಲ್ಲ. ಒಣಗಿದ ಮೇಲೆ ಕೈ ಕೊಡವಿದರೆ ಹಿಟ್ಟಿನ ಹಾಗೆ ಉದುರಿಹೋಗುತ್ತದೆ.

ಆದರೆ ‘ಗೋಡು’ ಅನ್ನುವ ಒಂದು ಮಾತಿನಲ್ಲಿ ಈ ಮಣ್ಣು ಮುಗಿಯುವುದಿಲ್ಲ. ವರದಿ ಬರೆಯುವವರು ಮೇಲಿನ ಒಂದು ಗೇಣಿನ ಮಣ್ಣು ತಗೊಂಡು, ಕಲಸಿ, ಸರಾಸರಿ ಹೇಳುತ್ತಾರೆ. ದಂಡೆ ಮಣ್ಣಿನ ಗುಣ ಇರುವುದು ಸರಾಸರಿಯಲ್ಲಲ್ಲ, ಪದರದಲ್ಲಿ.

ನಾನು ಮೊದಲ ಸಲ ಇಂಥ ಕಡೆ ಗುಂಡಿಗೆ ಇಳಿದದ್ದು ಬೆಳಗಿನ ಹೊತ್ತು. ಓರೆ ಬಿಸಿಲು ಗುಂಡಿಯ ಗೋಡೆಗೆ ಬೀಳುತ್ತಿತ್ತು. ಮೇಲಿನ ಒಂದು ಅಡಿ ಒಂದೇ ಬಣ್ಣ, ಉಳುಮೆ ಮತ್ತು ಎರೆಹುಳು ಸೇರಿ ಎಲ್ಲ ಕಲಸಿಬಿಟ್ಟಿದ್ದವು. ಅದರ ಕೆಳಗೆ ಗೋಡೆ ಪೂರ್ತಿ ಗೆರೆ ಗೆರೆ. ಬೆರಳು ದಪ್ಪದ ರೇವೆ, ಅದರ ಕೆಳಗೆ ದಾರದಷ್ಟು ಮರಳು, ಮತ್ತೆ ರೇವೆ. ಚಾಕುವಿನ ತುದಿಯಿಂದ ಕೆರೆದರೆ ಮರಳಿನ ಗೆರೆ ಸುರಿದು ಬೀಳುತ್ತಿತ್ತು, ರೇವೆ ಹಾಗೇ ನಿಂತಿರುತ್ತಿತ್ತು. ಮರಳಿನಲ್ಲಿ ಕಾಗೆಬಂಗಾರದ ಚೂರುಗಳು ಮಿಣಮಿಣ ಅನ್ನುತ್ತಿದ್ದವು. ಎದೆಯ ಮಟ್ಟದ ಆಳದಲ್ಲಿ ಕಪ್ಪು ಪಟ್ಟಿಯೊಂದು ಕಂಡಿತು. ಅದು ಹಿಂದೊಮ್ಮೆ ನೆಲದ ಮೇಲ್ಮೈಯೇ ಆಗಿತ್ತು. ಹುಲ್ಲು ಬೆಳೆದು, ಕೊಳೆತು, ಕಪ್ಪಾದ ಮೇಲೆ ಯಾವುದೋ ನೆರೆ ಅದರ ಮೇಲೆ ಹೊಸ ಮಣ್ಣು ಹೊದಿಸಿ ಹೋಗಿತ್ತು.

ಬೇರೆ ಕಡೆಯ ಮಣ್ಣಿನಲ್ಲಿ ಸಾವಯವ ಅಂಶ ಮೇಲೆ ಜಾಸ್ತಿ, ಕೆಳಗೆ ಹೋದಂತೆ ಒಂದೇ ಸಮ ಕಡಿಮೆ ಆಗುತ್ತದೆ. ಇಲ್ಲಿ ಕಡಿಮೆಯಾಗಿ, ಮತ್ತೆ ಏರಿ, ಮತ್ತೆ ಇಳಿಯುತ್ತದೆ. ಅಮೆರಿಕದ ಮಣ್ಣು ವರ್ಗೀಕರಣದಲ್ಲಿ ‘ಫ್ಲುವೆಂಟ್’ ಎಂಬ ಗುಂಪನ್ನು ಗುರುತಿಸುವುದು ಈ ಏರಿಳಿತದಿಂದಲೇ. ಮಣ್ಣು ತೀರಾ ಎಳೆಯದು ಅಂತ ಅದರ ಅರ್ಥ. ಮಳೆ ತೊಳೆದು ಸತ್ವ ಇಳಿಸುವಷ್ಟು ವಯಸ್ಸು ಇನ್ನೂ ಆಗಿಲ್ಲ. ಹಾಗಾಗಿ ಪೊಟ್ಯಾಶ್, ಸುಣ್ಣದ ಅಂಶ ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಸಾವಯವ ಅಂಶ ಮತ್ತು ಸಾರಜನಕ ಮಾತ್ರ ನೀವೇ ಹಾಕಬೇಕು. ಹೊಳೆ ಮಣ್ಣು ಅಂದರೆ ಗೊಬ್ಬರವೇ ಬೇಡ ಎನ್ನುವವರ ಮಾತು ಕೇಳಬೇಡಿ. ನೆರೆ ಬಂದು ಹೊಸ ಮಣ್ಣು ಹೊದಿಸುತ್ತಿದ್ದಾಗ ಆ ಮಾತು ಸ್ವಲ್ಪ ನಡೆಯುತ್ತಿತ್ತು. ಮೇಲೆ ಅಣೆಕಟ್ಟೆ ಬಂದರೆ ಅದೂ ನಿಂತಿತು. ನೈಲ್ ದಂಡೆಯಲ್ಲಿ ಆದದ್ದು ಅದೇ. ಅಸ್ವಾನ್ ಹೈ ಡ್ಯಾಮ್ 1970ರಲ್ಲಿ ಮುಗಿಯಿತು, ರೇವೆಯೆಲ್ಲ ಜಲಾಶಯದಲ್ಲೇ ಕೂತಿತು, ಕೆಳಗಿನ ರೈತರು ರಸಗೊಬ್ಬರಕ್ಕೆ ಕೈ ಚಾಚಬೇಕಾಯಿತು.

ನೀರಿನ ವಿಷಯದಲ್ಲಿ ಈ ಮಣ್ಣು ನಿಜಕ್ಕೂ ಒಳ್ಳೆಯದು. ಒಂದು ಮೀಟರ್ ಆಳದ ರೇವೆ ಗೋಡು ಗಿಡಕ್ಕೆ ದಕ್ಕುವ ಹಾಗೆ ಹೆಚ್ಚುಕಮ್ಮಿ 20 ಸೆಂಟಿಮೀಟರ್ ನೀರು ಹಿಡಿದಿಡುತ್ತದೆ. ಬರೀ ಮರಳು ಅದರ ಅರ್ಧವನ್ನೂ ಹಿಡಿಯುವುದಿಲ್ಲ. ಕೆಳಗಿನ ಅಂತರ್ಜಲವನ್ನು ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆ ಎಳೆಯುವುದರಲ್ಲೂ ರೇವೆ ಗಟ್ಟಿ. ಆದರೆ ಪದರ ಇಲ್ಲೂ ಆಟ ಆಡಿಸುತ್ತದೆ. ನುಣ್ಣನೆಯ ಪದರದ ಕೆಳಗೆ ದಪ್ಪ ಮರಳು ಇದ್ದರೆ ನೀರು ಸರಾಗ ಇಳಿಯುತ್ತದೆ ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಮೇಲಿನ ಪದರ ಹೆಚ್ಚುಕಮ್ಮಿ ತೋಯ್ದು ತೊಪ್ಪೆಯಾಗುವ ತನಕ ನೀರು ಆ ಗಡಿಯಲ್ಲೇ ನಿಂತಿರುತ್ತದೆ. ಬೇರುಗಳೂ ಎಷ್ಟೋ ಸಲ ಆ ಗೆರೆ ಮುಟ್ಟಿ ಅಡ್ಡಕ್ಕೆ ತಿರುಗುತ್ತವೆ.

ಹುಳುಕೂ ಇವೆ. ಜೋರು ಮಳೆ ಬಿದ್ದು ಬಿಸಿಲು ಬಂದರೆ ಮೇಲೆ ಹಪ್ಪಳ ಕಟ್ಟುತ್ತದೆ, ಸಣ್ಣ ಬೀಜದ ಮೊಳಕೆ ಒಡೆದು ಬರಲಾರದು. ಒದ್ದೆ ಇರುವಾಗ ಟ್ರ್ಯಾಕ್ಟರ್ ಇಳಿಸಿದರೆ ಉಳುಮೆಯ ತಳದಲ್ಲಿ ಕಲ್ಲಿನಂಥ ಪದರ ಬೀಳುತ್ತದೆ. ಹೊಳೆಯ ಅಂಚು ಕುಸಿಯುವುದಂತೂ ಇದ್ದದ್ದೇ.

ನಾನು ಮೋಸ ಹೋದ ಕಥೆ ಈಗ. ಒಬ್ಬ ಜಮೀನಿನವರು ನೀರು ಶೇಖರಿಸಲು ಹೊಂಡ ಎಲ್ಲಿ ತೆಗೆಯಲಿ ಅಂತ ಕೇಳಿದರು. ದಿಬ್ಬದ ಮೇಲೆ ಮಣ್ಣು ಕೊರೆದು ತೆಗೆಯುವ ಬೈರಿಗೆ ಹಾಕಿ ಒಂದು ಮೀಟರ್ ತನಕ ನೋಡಿದೆ. ಚೆಂದದ ರೇವೆ ಗೋಡು, ಕೆಳಗೆ ಹೋದಂತೆ ಸ್ವಲ್ಪ ಜೇಡಿಯೂ ಸಿಕ್ಕಿತು. ಇಲ್ಲೇ ತೆಗೆಯಿರಿ ಅಂದೆ. ಅವರು ಎರಡೂವರೆ ಮೀಟರ್ ತೆಗೆಸಿ ನೀರು ತುಂಬಿಸಿದರು. ಮೂರನೇ ದಿನ ಹೋಗಿ ನೋಡಿದರೆ ತಳದಲ್ಲಿ ಬರೀ ಕೆಸರು. ಗೋಡೆಯಲ್ಲಿ, ನನ್ನ ಬೈರಿಗೆ ನಿಂತ ಆಳಕ್ಕಿಂತ ಒಂದು ಮೊಳ ಕೆಳಗೆ, ಗೇಣು ದಪ್ಪದ ಶುದ್ಧ ಮರಳಿನ ಪದರ. ಹಳೆಯ ನೆರೆಯೊಂದು ಆ ಜಾಗದಲ್ಲಿ ದಂಡೆಯನ್ನೇ ಕೊರೆದು ನುಗ್ಗಿ ಮರಳು ಹರಡಿ ಹೋಗಿತ್ತು. ಜಮೀನಿನವರು ಬೈಯಲಿಲ್ಲ. ಇಳಿದು ಒಂದು ಮುಷ್ಟಿ ಮರಳು ತಂದು ನನ್ನ ಅಂಗೈಗೆ ಹಾಕಿದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ಹಾಗಾಗಿ ಆ ಒಂದು ಸಾಲಿನ ವರದಿ ನೋಡಿ ಸುಮ್ನೆ ಅಡ್ವಾನ್ಸ್ ಕೊಡಬೇಡಿ. ದಿಬ್ಬದ ನೆತ್ತಿ, ಇಳಿಜಾರಿನ ಮಧ್ಯ, ಹಿಂದಿನ ತಗ್ಗು, ಈ ಮೂರೂ ಕಡೆ ಬೈರಿಗೆ ಹಾಕಿಸಿ. ಕಡಿಮೆ ಅಂದರೂ ಒಂದೂವರೆ ಮೀಟರ್. ಮಣ್ಣನ್ನು ತೆಗೆದ ಕ್ರಮದಲ್ಲೇ ಗೋಣಿಯ ಮೇಲೆ ಸಾಲಾಗಿ ಇಡಿಸಿ, ಕಲಸಲು ಬಿಡಬೇಡಿ. ಬಣ್ಣ ನೋಡಿ. ಕಂದು ಬಣ್ಣ ಒಂದೇ ಸಮ ಇದ್ದರೆ ಅಲ್ಲಿ ಗಾಳಿ ಆಡುತ್ತಿದೆ. ಬೂದು ಬಣ್ಣದ ನಡುವೆ ತುಕ್ಕಿನ ಚುಕ್ಕೆ ಎಲ್ಲಿಂದ ಶುರುವಾಗುತ್ತದೋ, ವರ್ಷದಲ್ಲಿ ಕೆಲವು ಕಾಲ ನೀರು ಅಲ್ಲಿ ತನಕ ಬಂದು ನಿಲ್ಲುತ್ತದೆ. ಅರ್ಧ ಮೀಟರ್‌ನಲ್ಲೇ ಚುಕ್ಕೆ ಕಂಡರೆ ಹಣ್ಣಿನ ಗಿಡದ ಆಸೆ ಆ ಭಾಗದಲ್ಲಿ ಬಿಡಿ. ನೆರೆ ಬರುತ್ತದಾ ಅಂತ ಅಕ್ಕಪಕ್ಕದವರನ್ನು ಕೇಳಿದರೆ ‘ಹ್ಞೂಂ’ ಅನ್ನುತ್ತಾರೆ, ಅದರಿಂದ ಉಪಯೋಗ ಇಲ್ಲ. ಎಷ್ಟು ದಿನ ನಿಲ್ಲುತ್ತದೆ ಅಂತ ಕೇಳಿ. ದಿಬ್ಬದ ಮೇಲೆ ಒಂದೆರಡು ದಿನದಲ್ಲಿ ಇಳಿದುಹೋದರೆ ಹೆದರಬೇಕಿಲ್ಲ.

ನನ್ನನ್ನು ಕೇಳಿದರೆ, ಮೂರೂ ಕಡೆ ತೃಪ್ತಿಯಾದರೆ ತಗೊಳ್ಳಿ. ಮನೆ, ತರಕಾರಿ, ತೋಟ ಎಲ್ಲ ದಿಬ್ಬದ ಮೇಲೆ ಇರಲಿ, ಆದರೆ ಹೊಳೆಯ ಅಂಚಿನಿಂದ ಸಾಕಷ್ಟು ಹಿಂದೆ. ಹೊಂಡ ಬೇಕಿದ್ದರೆ ತಗ್ಗಿಗೆ ಹೋಗಿ, ನೀವು ಪ್ರಶ್ನೆಯಲ್ಲಿ ಅಷ್ಟು ಬೈದಿರುವ ಆ ಜೇಡಿಯಲ್ಲೇ ತೆಗೆಯಿರಿ.