"ನೀನೇ ಮಾಡು ಅಮ್ಮ, ನಿಂದೇ ಚೆನ್ನಾಗಿರುತ್ತೆ"

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಅಂತ ಕರೆಯೋಣ.)

ಪುಟ್ಟಿಗೆ ಐದು ವರ್ಷ. ಅವಳ ತಾಯಿ ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದು ಬೇರೆಯದೇ ದೂರು ಹೊತ್ತು. "ಮಗಳಿಗೆ ಯಾವುದರಲ್ಲೂ ಆಸಕ್ತಿ ಇಲ್ಲ. ಚಿತ್ರ ಬರಿ ಅಂದರೆ ಖಾಲಿ ಹಾಳೆ ಕೊಡ್ತಾಳೆ. ಹಬ್ಬ ಬಂತು, ಅಲಂಕಾರ ಮಾಡೋಣ ಬಾ ಅಂದರೆ, 'ನೀನೇ ಮಾಡು ಅಮ್ಮ, ನಿಂದೇ ಚೆನ್ನಾಗಿರುತ್ತೆ' ಅಂತಾಳೆ." ಕೊನೆಯ ಮಾತನ್ನು ಕೊಂಚ ಹೆಮ್ಮೆಯಿಂದಲೇ ಹೇಳಿದರು. ನನ್ನ ಕಿವಿ ನೆಟ್ಟಗಾಗಿದ್ದು ಅಲ್ಲೇ.

ಹಿಂದಿನ ಹಬ್ಬದಲ್ಲಿ ಏನಾಯಿತು ಅಂತ ಕೇಳಿದೆ. ಇಬ್ಬರೂ ಸೇರಿ ಬಣ್ಣದ ಕಾಗದದ ಮಾಲೆ ಮಾಡಿದ್ದರು. ಪುಟ್ಟಿ ಅಂಟಿಸಿದ ಹೂಗಳು ಸೊಟ್ಟಗಿದ್ದವು. ಗೋಂದು ಹೊರಗೆ ಬಂದು ಒಣಗಿತ್ತು. ಒಂದು ನಕ್ಷತ್ರಕ್ಕಂತೂ ಏಳು ಮೂಲೆ. ಮರುದಿನ ನೆಂಟರು ಬರುವವರಿದ್ದರು. ಮಗು ಮಲಗಿದ ಮೇಲೆ ತಾಯಿ ಕತ್ತರಿ ಹಿಡಿದು ಕೂತರು. ಹೂಗಳನ್ನು ಕಿತ್ತು ಸಾಲಾಗಿ ಅಂಟಿಸಿದರು, ಹೊಸ ನಕ್ಷತ್ರ ಕತ್ತರಿಸಿದರು. ಬೆಳಿಗ್ಗೆ ನೆಂಟರು, "ಪುಟ್ಟಿ, ಎಷ್ಟು ಚೆನ್ನಾಗಿ ಮಾಡಿದ್ದೀಯಾ!" ಅಂದರು. ಪುಟ್ಟಿ ಮಾಲೆ ನೋಡಿದಳು, ಅಮ್ಮನ ಮುಖ ನೋಡಿದಳು, ಒಳಗೆ ಹೋದಳು.

"ಅವಳಿಗೆ ಗೊತ್ತಾಗಿರಲಿಕ್ಕಿಲ್ಲ ಅಂದುಕೊಂಡೆ." ಗೊತ್ತಾಗದೇ ಇರುತ್ತಾ? ತಾನು ಅಂಟಿಸಿದ ಹೂವು ಯಾವುದು ಅಂತ ಮಗುವಿಗೆ ನಮಗಿಂತ ಚೆನ್ನಾಗಿ ಗೊತ್ತು. ತಾನು ಮಾಡಿದ್ದು ತಪ್ಪು, ಅಮ್ಮ ರಾತ್ರಿ ಅದನ್ನು ಸರಿಮಾಡ್ತಾಳೆ ಅಂತ ಅವಳು ಲೆಕ್ಕ ಹಾಕಿಕೊಂಡಿದ್ದಳು. ಆಸಕ್ತಿ ಇರಲಿಲ್ಲ ಅಂತಲ್ಲ.

ಮಕ್ಕಳ ಚಿತ್ರಕಲೆಗೆ ಹಂತಗಳಿವೆ ಅಂತ ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಬರೆದಿದ್ದರು. 2ರಿಂದ 4 ವರ್ಷದವರೆಗೆ ಗೀಚಾಟ. 4ರಿಂದ 7ರವರೆಗೆ ತಲೆಯಿಂದಲೇ ಕಾಲು ಹೊರಟ ಮನುಷ್ಯ, ಗಾಳಿಯಲ್ಲಿ ತೇಲುವ ಮನೆ, ಮನಸ್ಸಿಗೆ ಬಂದ ಬಣ್ಣದ ಮರ. ಏಳು ಮೂಲೆಯ ನಕ್ಷತ್ರ ಐದು ವರ್ಷಕ್ಕೆ ಸರಿಯಾಗೇ ಇತ್ತು. ಇದನ್ನು ಕೇಳಿ ತಾಯಿ ಸುಮ್ಮನಾದರು. ಆಮೇಲೆ, "ಮನೆ ಅಚ್ಚುಕಟ್ಟಾಗಿ ಇಲ್ಲದಿದ್ದರೆ ನಮ್ಮಮ್ಮ ನೆಂಟರೆದುರೇ ಬೈತಿದ್ದರು" ಅಂದರು. ಆ ಗಾಯವನ್ನು ಆವತ್ತು ನಾನು ಕೆದಕಲಿಲ್ಲ. ಹಬ್ಬಕ್ಕೆ ಎರಡೇ ವಾರ ಇತ್ತು.

ಮೊದಲು ಹೇಳಿದ್ದು, ಮಗಳ ಹತ್ತಿರ ಒಪ್ಪಿಕೊಳ್ಳಿ ಅಂತ. "ನಿನ್ನ ಹೂವು ಕಿತ್ತಿದ್ದು ನಾನು. ನಿನ್ನನ್ನು ಕೇಳಬೇಕಿತ್ತು." ಇಷ್ಟೇ ಸಾಕು, ಕಾರಣ ಕೊಡಬೇಡಿ. ಅವರಿಗೆ ಇದೇ ಎಲ್ಲಕ್ಕಿಂತ ಕಷ್ಟ ಅನಿಸಿತು.

ಆಮೇಲೆ ಒಂದು ಗೋಡೆ ಪುಟ್ಟಿಗೆ, ಅವಳ ಕೈಗೆ ಎಟಕುವಷ್ಟು ಎತ್ತರದಲ್ಲಿ. ಅಮ್ಮನಿಗೆ ಅಂದವಾಗಿ ಅಲಂಕರಿಸುವ ಆಸೆ ಇದ್ದರೆ ಬೇರೆ ಗೋಡೆ ಇದೆಯಲ್ಲ. ಆ ಆಸೆ ತಪ್ಪಲ್ಲ, ಮಗುವಿನ ಹಾಳೆಯ ಮೇಲೆ ತೀರಿಸಿಕೊಳ್ಳಬಾರದು ಅಷ್ಟೇ. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ, ಹಳೇ ಬಟ್ಟೆ ಹಾಕಿ, ಎರಡೋ ಮೂರೋ ಬಣ್ಣ ಸಾಕು. ಪಕ್ಕದಲ್ಲಿ ಕೂತು ನೀವೂ ಮಾಡಿ, ಅಭ್ಯಾಸ ಇಲ್ಲದ ಕೈಯಲ್ಲಿ. ನಿಮ್ಮದೂ ಸೊಟ್ಟಗಾಗಲಿ. "ಇದೇನಿದು?" ಅಂತ ಕೇಳಬೇಡಿ, "ಇದರ ಬಗ್ಗೆ ಹೇಳು" ಅನ್ನಿ. ಮಾತುಮಾತಿಗೂ "ಸೂಪರ್" ಬೇಡ. ನನಗಂತೂ ಆ ಪದ ಕೇಳಿ ಕೇಳಿ ಸಾಕಾಗಿದೆ.

"ಹುಮ್ಮಸ್ಸು ಬರಲಿ ಅಂತ ಬಹುಮಾನ ಇಡ್ಲಾ?" ಅಂದರು. ಬೇಡ ಅಂದೆ. ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಇದನ್ನು ನರ್ಸರಿ ಮಕ್ಕಳಲ್ಲೇ ಪರೀಕ್ಷಿಸಿ 1973ರಲ್ಲಿ ಬರೆದಿದ್ದಾರೆ. ಚಿತ್ರ ಬರೆಯೋದು ಮೊದಲೇ ಇಷ್ಟವಿದ್ದ ಮಕ್ಕಳು ಅವರು. ಬಹುಮಾನ ಕೊಡ್ತೀವಿ ಅಂತ ಹೇಳಿ ಬರೆಸಿದ ಮಕ್ಕಳು, ಆಮೇಲೆ ಬಿಡುವಿನ ಹೊತ್ತಲ್ಲಿ ಪೆನ್ನು ಹಿಡಿದದ್ದು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ.

ಹಬ್ಬ ಕಳೆದ ಮೇಲೆ ತಾಯಿ ಮತ್ತೆ ಬಂದರು. ಮೊದಲ ದಿನ ಪುಟ್ಟಿ ಏನೂ ಮಾಡಿರಲಿಲ್ಲ, ಅಮ್ಮನ ಸೊಟ್ಟ ಹೂವು ನೋಡಿ ನಕ್ಕಿದ್ದಳು. ಎರಡನೇ ದಿನ ಒಂದು ಹಸಿರು ಮುದ್ದೆ ಅಂಟಿಸಿದಳು. "ರಾತ್ರಿ ಅದು ಬೀಳೋ ಹಾಗಿತ್ತು ಮೇಡಂ. ಸ್ವಲ್ಪ ಒತ್ತಿದೆ. ತಪ್ಪಾ?" ಬೆಳಿಗ್ಗೆ ಮಗಳನ್ನೇ ಕೇಳಿ ಒತ್ತಬಹುದಿತ್ತು ಅಂದೆ. ಇಬ್ಬರೂ ನಕ್ಕೆವು.

ಆಮೇಲೆ ಮೂರು ದಿನ ಪುಟ್ಟಿ ಎದ್ದವಳೇ ಓಡಿಹೋಗಿ ಗೋಡೆ ನೋಡುತ್ತಿದ್ದಳಂತೆ, ತನ್ನದು ಹಾಗೇ ಇದೆಯಾ ಅಂತ. ನಾಲ್ಕನೇ ದಿನ ನೋಡಲಿಲ್ಲ. ಗೋಂದು ಎಲ್ಲಿ ಅಂತ ಕೇಳಿದಳು.