ಸಣ್ಣ ಆಂಪ್ ಇದೆ, 5150 ಅಥವಾ ರೆಕ್ಟಿಫೈಯರ್ ತರಹದ ಸೌಂಡ್ ಬೇಕು. ಯಾವ ಪ್ರೀಆಂಪ್ ಪೆಡಲ್ ತಗೊಳ್ಳಲಿ?

ನೀವು ಕೇಳಿರೋದು ಇಷ್ಟು: ಮನೆಯಲ್ಲಿ 40 ವ್ಯಾಟ್‌ನ ಟ್ರಾನ್ಸಿಸ್ಟರ್ ಆಂಪ್ ಇದೆ, ಹಿಂದೆ ಸೆಂಡ್-ರಿಟರ್ನ್ (ಪ್ರೀಆಂಪ್‌ನಿಂದ ಸಿಗ್ನಲ್ ಹೊರಗೆ ಕಳಿಸುವ, ಪವರ್ ಆಂಪ್‌ಗೆ ವಾಪಸ್ ತರುವ ಜಾಕ್‌ಗಳು) ಇದೆ, ಹಂಬಕರ್ ಗಿಟಾರ್, ಅಪಾರ್ಟ್‌ಮೆಂಟ್ ವಾಸ, 80ರ ದಶಕದ ಥ್ರಾಶ್ ಕೂಡ ನುಡಿಸಬೇಕು, ಡ್ರಾಪ್ ಸಿ (ಆರನೇ ತಂತಿಯನ್ನು ಸಿ ಸ್ವರದವರೆಗೆ ಇಳಿಸುವ ಟ್ಯೂನಿಂಗ್) ರಿಫ್ ಕೂಡ. ಬಜೆಟ್ ಇಪ್ಪತ್ತು ಸಾವಿರ. ನನ್ನ ಉತ್ತರ: 5150 (ಪೀವಿ ಕಂಪನಿಯ ಹೈ ಗೇನ್, ಅಂದರೆ ಜಾಸ್ತಿ ಡಿಸ್ಟಾರ್ಶನ್ ಕೊಡುವ ಆಂಪ್) ಜಾತಿಯ ಪೆಡಲ್ ತಗೊಳ್ಳಿ, ರೆಕ್ಟಿಫೈಯರ್ (ಮೆಸಾ ಕಂಪನಿಯ ಅಂಥದೇ ಆಂಪ್) ಆಸೆ ಸದ್ಯಕ್ಕೆ ಬಿಡಿ, ಇಡೀ ಇಪ್ಪತ್ತು ಸಾವಿರ ಆ ಒಂದು ಪೆಡಲ್ ಮೇಲೇ ಸುರಿಯಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಪ್ರೀಆಂಪ್ ಪೆಡಲ್ ಅಂದರೆ ಅರ್ಧ ಆಂಪ್ ಅಷ್ಟೇ, ಟೋನ್ ಮತ್ತು ಡಿಸ್ಟಾರ್ಶನ್ ರೂಪಿಸುವ ಅರ್ಧ. ಉಳಿದರ್ಧ ಪವರ್ ಆಂಪ್ ಮತ್ತು ಸ್ಪೀಕರ್. ಅದು ನಿಮ್ಮ ಮನೆಯಲ್ಲಿ ಈಗಾಗಲೇ ಇದೆ, ಪೆಡಲ್ ಅದನ್ನು ಬದಲಾಯಿಸಲ್ಲ. ಹಾಗಾಗಿ ಯಾವ ಪೆಡಲ್ ಅನ್ನೋದಕ್ಕಿಂತ ಮೊದಲು ಎಲ್ಲಿಗೆ ಚುಚ್ಚುತ್ತೀರಿ ಅನ್ನೋದು ತೀರ್ಮಾನ ಆಗಬೇಕು. ಮುಂದಿನ ಇನ್‌ಪುಟ್‌ಗೆ ಹಾಕಿದರೆ ಪೆಡಲ್‌ನ ಸೌಂಡ್ ಮತ್ತೆ ನಿಮ್ಮ ಆಂಪ್‌ನ ಪ್ರೀಆಂಪ್ ಒಳಗೆ ಹಾದು ಬರುತ್ತದೆ, ಒಂದರ ಮೇಲೊಂದು ಎರಡು ಟೋನ್ ಸರ್ಕ್ಯೂಟ್, ಕೊನೆಗೆ ಡಬ್ಬದೊಳಗಿಂದ ಕೇಳಿದ ಹಾಗೆ. "ಇಷ್ಟು ದುಡ್ಡು ಕೊಟ್ಟು ತಂದೆ, ಮಾಮೂಲಿ ಡಿಸ್ಟಾರ್ಶನ್ ಪೆಡಲ್ ತರಹಾನೇ ಇದೆ" ಅಂತ ಗೊಣಗುವವರಲ್ಲಿ ಬಹಳಷ್ಟು ಜನ ಮಾಡಿರೋದು ಇದನ್ನೇ. ರಿಟರ್ನ್‌ಗೆ ಹಾಕಿ. ಆಗ ಸಿಗ್ನಲ್ ನೇರ ಪವರ್ ಆಂಪ್‌ಗೆ ಹೋಗುತ್ತದೆ. ಒಂದು ಎಚ್ಚರಿಕೆ: ಹಲವು ಆಂಪ್‌ಗಳಲ್ಲಿ ರಿಟರ್ನ್‌ಗೆ ಹಾಕಿದ ಮೇಲೆ ಮುಂದಿನ ವಾಲ್ಯೂಮ್ ನಾಬ್ ಕೆಲಸ ಮಾಡಲ್ಲ, ಪೆಡಲ್‌ನ ವಾಲ್ಯೂಮೇ ನಿಮ್ಮ ವಾಲ್ಯೂಮ್. ಅದನ್ನು ಸೊನ್ನೆಗಿಟ್ಟು ಆನ್ ಮಾಡಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಏರಿಸಿ. ಇಲ್ಲದಿದ್ದರೆ ಮೊದಲ ಸ್ಟ್ರಮ್‌ಗೇ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ.

ಈಗ ಯಾವ ಆಂಪ್‌ನ ನಕಲು ಬೇಕು ಅನ್ನೋ ವಿಷಯ. ಹೆಸರುಗಳು ನೂರು ಇದ್ದರೂ ಮನೆತನಗಳು ಮೂರೇ.

ಮೊದಲನೆಯದು ಮಾರ್ಷಲ್. 1981ರಲ್ಲಿ ಬಂದ ಜೆಸಿಎಂ800 ತಗೊಳ್ಳಿ, ಅದರ 2203 ಮಾಡೆಲ್. ಅದರ ಎರಡನೇ ಗೇನ್ ಸ್ಟೇಜ್‌ನಲ್ಲಿ (ಟ್ಯೂಬ್ ಸಿಗ್ನಲ್ ಹಿಗ್ಗಿಸುವ ಹಂತ) ಟ್ಯೂಬ್‌ನ ಕ್ಯಾಥೋಡ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದ್ದಾರೆ. ಮಾಮೂಲಿಯಾಗಿ ಅಲ್ಲಿ ಒಂದೂವರೆ-ಎರಡೂಮುಕ್ಕಾಲು ಕಿಲೋಓಮ್ ಇರುತ್ತದೆ. ಇಷ್ಟು ದೊಡ್ಡದು ಹಾಕಿದರೆ ಟ್ಯೂಬ್ ಅರೆನಿದ್ದೆಯಲ್ಲಿ ಇರುತ್ತದೆ, ಅಲೆಯ ಒಂದು ಪಕ್ಕವನ್ನು ಬೇಗ ಕತ್ತರಿಸುತ್ತದೆ, ಇನ್ನೊಂದು ಪಕ್ಕವನ್ನು ಬಿಡುತ್ತದೆ. ಆ ಬೊಗಳುವ ಹಾಗಿನ ಮಿಡ್ ರೇಂಜ್‌ನಲ್ಲಿ ಇದರ ಕೈವಾಡ ದೊಡ್ಡದು. ಆದರೆ ಇವತ್ತಿನ ಲೆಕ್ಕಕ್ಕೆ ಗೇನ್ ಕಮ್ಮಿ, ಮುಂದೊಂದು ಓವರ್‌ಡ್ರೈವ್ ಪೆಡಲ್ ಬೇಕೇ ಬೇಕು. ಗೇನ್ ಜಾಸ್ತಿ ಮಾಡಿದ ಮಾರ್ಷಲ್ ಬೇಕಿದ್ದರೆ ಫ್ರೀಡ್‌ಮನ್ ಬಿಇ-ಒಡಿ ಇದೆ. ಅದರಲ್ಲಿ ಟೈಟ್ ಅಂತ ಒಂದು ನಾಬ್ ಕೊಟ್ಟಿರೋದು ನನಗೆ ತುಂಬಾ ಇಷ್ಟ. ಮಿಡ್ ನಾಬ್ ಕೊಡದೇ ಇರೋದು ಅಷ್ಟೇ ಬೇಜಾರು.

ಎರಡನೆಯದು ಸೊಲ್ಡಾನೊ ಮನೆತನ. 1987ರ ಎಸ್‌ಎಲ್‌ಒ-100 ಇದರ ಹಿರಿಯಜ್ಜ. ಮೈಕ್ ಸೊಲ್ಡಾನೊ ಇನ್ನೊಂದು ಗೇನ್ ಸ್ಟೇಜ್ ಸೇರಿಸಿ, ಆ ಅರೆನಿದ್ದೆಯ ಸ್ಟೇಜ್‌ಗೆ 39 ಕಿಲೋಓಮ್ ಹಾಕಿದರು. 90ರ ದಶಕದ ಶುರುವಿನಲ್ಲಿ ಬಂದ ಪೀವಿ 5150 ಮತ್ತು ಮೆಸಾ ಡ್ಯುಯಲ್ ರೆಕ್ಟಿಫೈಯರ್, ಎರಡರ ಸರ್ಕ್ಯೂಟ್ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದರೆ ಪ್ರೀಆಂಪ್ ಮಟ್ಟಿಗೆ ದಾಯಾದಿಗಳು ಅಂತ ಗೊತ್ತಾಗುತ್ತದೆ. ಹಾಗಾದರೆ ಎರಡೂ ಯಾಕೆ ಅಷ್ಟು ಬೇರೆ ಕೇಳಿಸುತ್ತವೆ? ಒಂದು ದೊಡ್ಡ ಕಾರಣ ಪವರ್ ಆಂಪ್‌ನಲ್ಲಿದೆ. ರೆಕ್ಟಿಫೈಯರ್‌ನ ಮಾಡರ್ನ್ ಮೋಡ್‌ನಲ್ಲಿ ಪವರ್ ಆಂಪ್‌ನ ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ಆಂಪನ್ನು ಹತೋಟಿಯಲ್ಲಿಡುವ ವ್ಯವಸ್ಥೆ) ಅನ್ನು ಕಡಿದೇ ಹಾಕುತ್ತಾರೆ. ಸ್ಪೀಕರ್ ಮೇಲೆ ಹಿಡಿತ ತಪ್ಪುತ್ತದೆ, ಬೇಸ್ ಉಬ್ಬುತ್ತದೆ, ಮೇಲಿನ ಫ್ರೀಕ್ವೆನ್ಸಿ ಹರಿತ ಆಗುತ್ತದೆ, ಗೋಡೆ ಮೈಮೇಲೆ ಬಿದ್ದ ಹಾಗಿನ ಆ ಸೌಂಡ್ ಬರುತ್ತದೆ. ಇದು ಪೆಡಲ್‌ನಲ್ಲಿ ಎಲ್ಲಿಂದ ಬರಬೇಕು ಹೇಳಿ? ಪೆಡಲ್ ನಕಲು ಮಾಡೋದು ಪ್ರೀಆಂಪ್ ಮಾತ್ರ. ಅದಕ್ಕೇ ನಿಮ್ಮ ಟ್ರಾನ್ಸಿಸ್ಟರ್ ಆಂಪ್‌ಗೆ ರೆಕ್ಟಿಫೈಯರ್ ಪೆಡಲ್ ಬೇಡ ಅಂದಿದ್ದು. ಅದು ಅಲ್ಲಿ ಸಪ್ಪೆಯಾಗಿ, ಮೇಲೊಂದಿಷ್ಟು ಜೊರ್ರ್ ಅನ್ನೋ ಸದ್ದು ಹೊತ್ತು ಕೂರುತ್ತದೆ. 5150 ಹಾಗಲ್ಲ. ಅದರ ಗುಣ ಬಹುಪಾಲು ಪ್ರೀಆಂಪ್‌ನಲ್ಲೇ ಇದೆ, ಹಾಗಾಗಿ ಪೆಡಲ್‌ಗೆ ಚೆನ್ನಾಗಿ ಇಳಿಯುತ್ತದೆ.

ಮೂರನೆಯದು ಮೆಸಾದ ಮಾರ್ಕ್ ಸರಣಿ. ನೀವು ಥ್ರಾಶ್ ಅಂದಿರಲ್ಲ, 1986ರ ಹೊತ್ತಿನ ಮೆಟಾಲಿಕಾ ರಿದಮ್ ಅಂದರೆ ಮಾರ್ಕ್ ಟು ಸಿ ಪ್ಲಸ್. ಇದರ ತರ್ಕವೇ ಉಲ್ಟಾ. ಮಾರ್ಷಲ್‌ನಲ್ಲಿ, ಸೊಲ್ಡಾನೊದಲ್ಲಿ ಬೇಸ್-ಟ್ರೆಬಲ್ ನಾಬ್‌ಗಳು ಗೇನ್ ಆದ ಮೇಲೆ ಬರುತ್ತವೆ. ಮಾರ್ಕ್‌ನಲ್ಲಿ ಅವು ಗೇನ್‌ಗಿಂತ ಮುಂಚೆ. ಹಾಗಾಗಿ ಅಲ್ಲಿ ಬೇಸ್ ನಾಬನ್ನು ಹೆಚ್ಚುಕಮ್ಮಿ ಸೊನ್ನೆಗೆ ಇಳಿಸಿ, ಡಿಸ್ಟಾರ್ಶನ್ ಆದ ಮೇಲೆ ಬರುವ ಐದು ಸ್ಲೈಡರ್‌ನ ಇಕ್ಯೂನಲ್ಲಿ (ಈಕ್ವಲೈಜರ್) ಕಳೆದ ಬೇಸನ್ನು ವಾಪಸ್ ತರುತ್ತಾರೆ: 80 ಹರ್ಟ್ಜ್ ಮೇಲೆ, 750 ಕೆಳಗೆ, 2200 ಮತ್ತೆ ಮೇಲೆ. ಬೇಸ್ ಕಮ್ಮಿ ಇರುವ ಸಿಗ್ನಲ್ ಡಿಸ್ಟಾರ್ಟ್ ಆಗುವಾಗ ಕೆಸರಾಗಲ್ಲ. ಎಲ್ಲ ಹೈ ಗೇನ್‌ಗೂ ಇದೇ ಸೂತ್ರ ನಡೆಯುತ್ತದೆ.

ಟ್ಯೂಬ್ ಸ್ಕ್ರೀಮರ್ ಅನ್ನೋ ಓವರ್‌ಡ್ರೈವ್ ಪೆಡಲ್ ಕೂಡ ಅದನ್ನೇ ಮಾಡೋದು. ಅದರೊಳಗಿನ ಕ್ಲಿಪಿಂಗ್ ಸ್ಟೇಜ್‌ಗೆ (ಅಲೆಯನ್ನು ಕತ್ತರಿಸಿ ಡಿಸ್ಟಾರ್ಶನ್ ಮಾಡುವ ಹಂತ) ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನದು ಕಮ್ಮಿಯಾಗುತ್ತಾ ಹೋಗುತ್ತದೆ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ಮಧ್ಯ. ಇದನ್ನು ಗಿಟಾರ್ ಮತ್ತು ಪ್ರೀಆಂಪ್ ಪೆಡಲ್ ನಡುವೆ ಇಟ್ಟು, ಪ್ರೀಆಂಪ್‌ನ ಗೇನನ್ನು ಕಾಲುಭಾಗ ಇಳಿಸಿ. ಡ್ರಾಪ್ ಸಿಯಲ್ಲಿ ಆರನೇ ತಂತಿ ಪಾಮ್ ಮ್ಯೂಟ್ ಮಾಡಿ (ಅಂಗೈ ಅಂಚಿನಿಂದ ಒತ್ತಿ ಬಾರಿಸಿ) ನೋಡಿ. ಮೊದಲು "ಗುಂವ್" ಅಂತಿದ್ದದ್ದು "ಢಕ್" ಅನ್ನುತ್ತದೆ. ಸಸ್ತಾ ನಕಲು ಸಾಕು ಇದಕ್ಕೆ, ಒರಿಜಿನಲ್ಲೇ ಬೇಕು ಅಂತ ಹಟ ಬೇಡ.

"ಒಳಗೆ ನಿಜವಾದ ಟ್ಯೂಬ್ ಇರೋದು ತಗೊಳ್ಳಲಾ" ಅಂತಲೂ ಕೇಳಿದ್ದೀರಿ. ನನ್ನ ಪ್ರಕಾರ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಆಂಪ್‌ನಲ್ಲಿ ಪ್ರೀಆಂಪ್ ಟ್ಯೂಬ್‌ಗೆ 200-300 ವೋಲ್ಟ್ ಸಿಗುತ್ತದೆ. ಕೆಲವು ಅಗ್ಗದ ಪೆಡಲ್‌ಗಳಲ್ಲಿ ಟ್ಯೂಬ್‌ಗೆ 9 ಅಥವಾ 12 ವೋಲ್ಟ್ ಅಷ್ಟೇ, ಹಿಂದೊಂದು ಕಿತ್ತಳೆ ಎಲ್‌ಇಡಿ ಇಟ್ಟು ಹೊಳೆಯೋ ಹಾಗೆ ಮಾಡಿರುತ್ತಾರೆ. ನೋಡೋಕೆ ಚೆಂದ, ಅಷ್ಟೇ. ಸರಿಯಾದ ವೋಲ್ಟೇಜ್ ಕೊಡುವವೂ ಇವೆ: ಟು ನೋಟ್ಸ್‌ನ ಲ ಲೀಡ್ 200 ವೋಲ್ಟ್‌ನಲ್ಲಿ ನಡೆಯುತ್ತದೆ, ವಿಕ್ಟರಿಯ ಕ್ರಾಕನ್ ಪ್ರೀಆಂಪ್‌ನಲ್ಲಿ ನಾಲ್ಕು ಟ್ಯೂಬ್ ಇವೆ. ಕ್ರಾಕನ್ ಅದ್ಭುತ, ಆದರೆ ನಿಮ್ಮ ಬಜೆಟ್‌ಗೆ ಕೈ ಕಚ್ಚುತ್ತದೆ. ಇನ್ನೊಂದು ಕಡೆ ರಷ್ಯಾದ ಎಎಂಟಿ ಕಂಪನಿ ಪ್ರತಿ ಟ್ಯೂಬ್ ಸ್ಟೇಜ್ ಜಾಗದಲ್ಲಿ ಒಂದು ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇಟ್ಟು ಅದೇ ಸರ್ಕ್ಯೂಟ್ ಕಟ್ಟುತ್ತದೆ. ಅದರ ಪೆಡಲ್ ಹೆಸರುಗಳಲ್ಲಿ ಪಿ ಅಂದರೆ ಪೀವಿ, ಆರ್ ಅಂದರೆ ರೆಕ್ಟಿಫೈಯರ್, ಎಸ್ ಅಂದರೆ ಸೊಲ್ಡಾನೊ, ಎಂ ಅಂದರೆ ಮಾರ್ಷಲ್. ಕಣ್ಣು ಮುಚ್ಚಿ ಕೇಳಿದರೆ ಇವು ಆ 12 ವೋಲ್ಟ್ ಟ್ಯೂಬ್ ಪೆಡಲ್‌ಗಳಿಗಿಂತ ಎಷ್ಟೋ ವಾಸಿ.

ಹಾಗಾಗಿ ನಿಮಗೆ ನಾನು ಹೇಳೋದು ಎಎಂಟಿ ಪಿ2, ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸರಿ. ಅದರಲ್ಲಿ ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರ್ ಪೆಟ್ಟಿಗೆಯ ಸೌಂಡ್‌ನ ನಕಲು) ಇರುವ ಔಟ್‌ಪುಟ್ ಬೇರೆಯೇ ಇದೆ, ರಾತ್ರಿ ಹೆಡ್‌ಫೋನ್‌ಗೆ ಅದು ಬೇಕಾಗುತ್ತದೆ. ಗಿಟಾರ್ ಸ್ಪೀಕರ್ 5000 ಹರ್ಟ್ಜ್ ದಾಟಿದ ಮೇಲೆ ಹೆಚ್ಚೇನೂ ನುಡಿಸಲ್ಲ, ಹೆಡ್‌ಫೋನ್ ಎಲ್ಲವನ್ನೂ ನುಡಿಸುತ್ತದೆ. ಸಿಮ್ಯುಲೇಶನ್ ಇಲ್ಲದೆ ನೇರ ಕೇಳಿದರೆ ಜೇನುಹುಳ ಕಿವಿಗೆ ಹೊಕ್ಕ ಹಾಗೆ ಇರುತ್ತದೆ. ಕಂಪ್ಯೂಟರ್ ಮತ್ತು ಆಡಿಯೋ ಇಂಟರ್‌ಫೇಸ್ ಇದ್ದರೆ ಇನ್ನೂ ಒಳ್ಳೆಯದು. ವಿಂಟೇಜ್ 30 ಸ್ಪೀಕರ್ ಇರುವ 4x12 ಕ್ಯಾಬ್‌ನ (12 ಇಂಚಿನ ನಾಲ್ಕು ಸ್ಪೀಕರ್‌ನ ಪೆಟ್ಟಿಗೆ) ಐಆರ್ ಫೈಲ್, ಅಂದರೆ ಆ ಕ್ಯಾಬ್‌ನ ಸೌಂಡ್ ಗುಣ ಹಿಡಿದಿಟ್ಟ ಫೈಲ್ ಒಂದನ್ನು ಉಚಿತ ಐಆರ್ ಲೋಡರ್‌ಗೆ ಹಾಕಿಕೊಳ್ಳಿ, ಪೆಡಲ್ ಬದಲಾಯಿಸೋದಕ್ಕಿಂತ ಜಾಸ್ತಿ ವ್ಯತ್ಯಾಸ ಅಲ್ಲೇ ಕಾಣುತ್ತೀರಿ. ದುಡ್ಡು ಇನ್ನೂ ಉಳಿಸಬೇಕಿದ್ದರೆ ಮೂಅರ್‌ನ ಮೈಕ್ರೋ ಪ್ರೀಆಂಪ್ ಸರಣಿಯೂ ಆಗಬಹುದು. ಡಿಜಿಟಲ್, ಅಂಗೈಯಷ್ಟು ಗಾತ್ರ, ಎರಡು ಚಾನೆಲ್, ಕ್ಯಾಬ್ ಸಿಮ್ಯುಲೇಶನ್ ಒಳಗೇ ಇದೆ. ಬಜೆಟ್ ಏರಿಸುವ ಮನಸ್ಸಿದ್ದರೆ ರೆವ್ ಜಿ3. ಡ್ರಾಪ್ ಟ್ಯೂನಿಂಗ್‌ಗೆ ಅಷ್ಟು ಬಿಗಿಯಾದ ಪೆಡಲ್ ಕಮ್ಮಿ.

ಉಳಿದ ದುಡ್ಡು ಐಸೋಲೇಟೆಡ್ ಪವರ್ ಸಪ್ಲೈಗೆ, ಅಂದರೆ ಪ್ರತಿ ಪೆಡಲ್‌ಗೂ ಪ್ರತ್ಯೇಕವಾಗಿ ಕರೆಂಟ್ ಕೊಡುವುದಕ್ಕೆ. ಇದನ್ನು ಯಾರೂ ಕೇಳಲ್ಲ, ಆಮೇಲೆ ಎಲ್ಲರೂ "ಗುಂಯ್ ಅಂತಿದೆ" ಅಂತ ಬರೆಯುತ್ತಾರೆ. ಹೈ ಗೇನ್ ಪೆಡಲ್‌ಗೆ ಗಿಟಾರ್ ಯಾವುದು, ಕಸ ಯಾವುದು ಗೊತ್ತಾಗಲ್ಲ, ಎರಡನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಒಂದೇ ಅಡಾಪ್ಟರ್‌ನಿಂದ ಸರಪಳಿ ವೈರ್‌ನಲ್ಲಿ ನಾಲ್ಕು ಪೆಡಲ್‌ಗೆ ಕೊಡಬೇಡಿ, ಅದರಲ್ಲೂ ಡಿಜಿಟಲ್ ಪೆಡಲ್ ಜೊತೆಗೆ. ಗೋಡೆಯ ಸಾಕೆಟ್‌ನಲ್ಲಿ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ. ಕರೆಂಟ್ ಹೋಗಿ ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ನಡೆಯುತ್ತಿದ್ದರೆ ಎಷ್ಟೇ ದುಬಾರಿ ಪೆಡಲ್ ಇದ್ದರೂ ಜುಂಯ್ ನಿಲ್ಲಲ್ಲ. ಸುಮ್ನೆ ಅನ್‌ಪ್ಲಗ್ ಮಾಡಿ ಅಭ್ಯಾಸ ಮಾಡಿ.

ನಾಯ್ಸ್ ಗೇಟ್ (ನುಡಿಸದಿರುವಾಗ ಸದ್ದು ಮುಚ್ಚುವ ಪೆಡಲ್) ತಗೊಂಡರೆ ಬಾಸ್ ಎನ್‌ಎಸ್-2 ತರಹ ಸೆಂಡ್-ರಿಟರ್ನ್ ಇರೋದು ತಗೊಳ್ಳಿ. ಗಿಟಾರ್ ಗೇಟ್‌ನ ಇನ್‌ಪುಟ್‌ಗೆ, ಗೇಟ್‌ನ ಸೆಂಡ್ ಪೆಡಲ್‌ಗೆ, ಪೆಡಲ್ ಔಟ್ ಗೇಟ್‌ನ ರಿಟರ್ನ್‌ಗೆ, ಗೇಟ್‌ನ ಔಟ್ ಆಂಪ್‌ನ ರಿಟರ್ನ್‌ಗೆ. ಹೀಗೆ ಮಾಡಿದರೆ ಅದು ಗಿಟಾರ್‌ನ ಶುದ್ಧ ಸಿಗ್ನಲ್ ನೋಡಿಕೊಂಡು ಬಾಗಿಲು ತೆರೆದು ಮುಚ್ಚುತ್ತದೆ, ಉದ್ದ ಎಳೆದ ನೋಟ್ ನಡುವೆ ಕಡಿದು ಹೋಗಲ್ಲ.

ಅಂಗಡಿಯಲ್ಲೋ ಮಾರುವವರ ಮನೆಯಲ್ಲೋ ನೋಡುವಾಗ ನಿಮ್ಮದೇ ಗಿಟಾರ್ ಒಯ್ಯಿರಿ, ಅವರ ಆಂಪ್‌ನ ರಿಟರ್ನ್‌ಗೇ ಹಾಕಿ ಅಂತ ಕೇಳಿ, ವಾಲ್ಯೂಮ್ ನಿಮ್ಮ ಬೆಡ್‌ರೂಮಿನಷ್ಟೇ ಇಡಿ. ಜೋರಾಗಿ ಇಟ್ಟರೆ ಎಲ್ಲ ಪೆಡಲ್ಲೂ ಚೆನ್ನಾಗೇ ಕೇಳಿಸುತ್ತದೆ, ಕಿವಿಯ ಗುಣವೇ ಅದು. ಗೇನ್ ಅರ್ಧಕ್ಕಿಂತ ಕೆಳಗಿಟ್ಟು ಪೂರ್ತಿ ಕಾರ್ಡ್ ಒಂದನ್ನು ಬಾರಿಸಿ, ತಂತಿಗಳು ಬಿಡಿಬಿಡಿಯಾಗಿ ಕೇಳಿಸಿದರೆ ತಗೊಳ್ಳಿ. ಹಳೆಯ ಪೆಡಲ್ ಆದರೆ ಪ್ರತಿ ನಾಬ್ ಪೂರ್ತಿ ತಿರುಗಿಸಿ ಕರಕರ ಬರುತ್ತದಾ ನೋಡಿ. ಅಡಾಪ್ಟರ್ ಪೋಲಾರಿಟಿ ಸೆಂಟರ್ ನೆಗೆಟಿವ್ ಹೌದಾ ಅಂತ ಪೆಡಲ್ ಹಿಂದೆ ಬರೆದಿರೋದನ್ನು ಓದಿಯೇ ಪ್ಲಗ್ ಮಾಡಿ.