ಡಿಸೆಂಬರ್ 1ಕ್ಕೆ ಊರಲ್ಲಿ ಎಚ್‌ಐವಿ ಪರೀಕ್ಷೆ ಶಿಬಿರ: ಜನ ಹೆಚ್ಚು ಬರಲು ಏನು ಮಾಡಬೇಕು?

ಕುಷ್ಟಗಿ ಕಡೆಯ ಹಳ್ಳಿಯ ಯುವಕ ಸಂಘದವರಾದ ನೀವು ಹೀಗೆ ಕೇಳಿದ್ದೀರಿ: ವಿಶ್ವ ಏಡ್ಸ್ ದಿನಕ್ಕೆ ಬೆಳಗ್ಗೆ ಜಾಥಾ, ಮಧ್ಯಾಹ್ನ ಸಮುದಾಯ ಭವನದಲ್ಲಿ ರಕ್ತ ಪರೀಕ್ಷೆ, ಜನ ಹೆಚ್ಚು ಬರೋ ಹಾಗೆ ಏನು ಮಾಡಬೇಕು ಎಂದು. ಊರಿನ ಹೆಸರೊಂದು ಬದಲಿಸಿದರೆ ಇದು ನಾನೇ ಕೇಳಿದ ಪ್ರಶ್ನೆ. ಮಸ್ಕಿ ಸೀಮೆಯ ನಮ್ಮೂರಲ್ಲಿ ನಾವೂ ಹೀಗೇ ಮಾಡಿದ್ದೆವು. ಜನರೇನೋ ಬಂದರು, 60ರ ಮೇಲೆ. ಜನ ಬರುವುದು ಕಷ್ಟವಲ್ಲ, ಬಂದವರು ಹೊರಗೆ ಹೋಗುವುದು ಕಷ್ಟ.

ಶಿಬಿರದಲ್ಲಿ ಬೆರಳ ತುದಿಗೆ ಚುಚ್ಚಿ ಒಂದೇ ಕಿಟ್‌ನಲ್ಲಿ ನೋಡುತ್ತಾರೆ. 20 ನಿಮಿಷದೊಳಗೆ ತಿಳಿಯುತ್ತದೆ. ಇದು ಬರೀ ಜರಡಿ ಹಿಡಿಯುವ ಕೆಲಸ. ರಿಯಾಕ್ಟಿವ್ ಬಂದವರನ್ನು, ಅಂದರೆ ಕಿಟ್ ಸೋಂಕಿನ ಶಂಕೆ ತೋರಿಸಿದವರನ್ನು, ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಆಪ್ತ ಸಮಾಲೋಚನಾ ಮತ್ತು ಪರೀಕ್ಷಾ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ಬೇರೆ ಬೇರೆ ಬಗೆಯ ಮೂರು ಕಿಟ್‌ಗಳಿವೆ, ಮೂರರಲ್ಲೂ ಬಂದರೆ ಮಾತ್ರ ಪಾಸಿಟಿವ್ ಅನ್ನುತ್ತಾರೆ. ಒಂದೇ ಕಿಟ್ ನಂಬಿದರೆ ಇಲ್ಲದ ಸೋಂಕನ್ನೂ ತೋರಿಸಬಹುದು ಎಂದೇ ಈ ಏರ್ಪಾಡು.

ನಮ್ಮ ಶಿಬಿರಕ್ಕೆ ಬಂದ ಆಪ್ತ ಸಮಾಲೋಚಕಿ, ಪ್ರತಿಯೊಬ್ಬರ ಜೊತೆಗೂ ಪರೀಕ್ಷೆಗೆ ಮೊದಲೊಮ್ಮೆ, ಆಮೇಲೊಮ್ಮೆ ಒಳಕೋಣೆಯಲ್ಲಿ ಹತ್ತು ಹತ್ತು ನಿಮಿಷ ಮಾತಾಡಬೇಕು ಅಂದರು. ಹೊರಗೆ ಪಲಾವ್ ಆರುತ್ತಿತ್ತು, ಅತಿಥಿಗಳು ಗಡಿಯಾರ ನೋಡುತ್ತಿದ್ದರು. ನಾನು ಹೋಗಿ, "ಮೇಡಂ, ನೆಗೆಟಿವ್ ಬಂದವರಿಗೆ ಏನು ಹೇಳೋದೈತ್ರಿ, ಚೀಟಿ ಕೊಟ್ಟು ಕಳಸ್ರಿ" ಅಂದೆ. ಒತ್ತಾಯಕ್ಕೆ ಅವರು ಒಪ್ಪಿದರು.

ನನ್ನ ತಪ್ಪು ಅಷ್ಟೇ, ಆ ಒಂದು ಮಾತು. ನೋಡಲು ತಪ್ಪಿನ ಹಾಗೇ ಕಾಣುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನೆಗೆಟಿವ್ ಬಂದವರು ಒಳಗೆ ಹೋಗಿ ಎರಡೇ ನಿಮಿಷಕ್ಕೆ ಅಂಗೈಯಗಲದ ಚೀಟಿ ಹಿಡಿದು ಹೊರಬಂದರು. ಹೀಗೇ ನಲವತ್ತು ಜನ. ಆಮೇಲೆ ಒಬ್ಬ ಹೆಣ್ಣುಮಗಳು ಒಳಗೆ ಹೋದರು. ಎರಡು ನಿಮಿಷವಾಯಿತು, ಹತ್ತಾಯಿತು, ಅರ್ಧ ಗಂಟೆಯಾಯಿತು. ಹೊರಗೆ ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿದರು. ಆಕೆ ಹೊರಬಂದಾಗ ಕೈಯಲ್ಲಿದ್ದದ್ದು ಚೀಟಿಯಲ್ಲ, ನಾಲ್ಕು ಮಡಿಕೆ ಮಾಡಿದ ದೊಡ್ಡ ಹಾಳೆ, ಐಸಿಟಿಸಿಗೆ ಬರೆದುಕೊಟ್ಟ ಪತ್ರ. ಬಾಗಿಲು ಒಂದೇ. ಆ ಕಟ್ಟೆ ದಾಟಿಯೇ ಹೋಗಬೇಕು. ಸಮಾಲೋಚಕಿಯಾಗಲಿ ಲ್ಯಾಬ್‌ನವರಾಗಲಿ ಒಂದಕ್ಷರ ಬಾಯಿಬಿಟ್ಟಿರಲಿಲ್ಲ. ಗಡಿಯಾರ ಹೇಳಿತು, ಕಾಗದದ ಅಳತೆ ಹೇಳಿತು. ನೆಗೆಟಿವ್‌ನವರ ಹತ್ತು ನಿಮಿಷ ಉಳಿಸಿದೆ ಅಂದುಕೊಂಡಿದ್ದೆ. ಆ ಹತ್ತು ನಿಮಿಷ ಅವರಿಗಾಗಿ ಇದ್ದದ್ದೇ ಅಲ್ಲ, ಆಕೆಯನ್ನು ಮರೆಮಾಡಲು ಇದ್ದದ್ದು.

ಮರುವಾರ ನಾಟಿ ಗುಂಪಿನವರು ಗದ್ದೆ ಬದುವಿನಲ್ಲಿ ಬುತ್ತಿ ಬಿಚ್ಚಿದಾಗ ಆಕೆ ತಂದ ಶೇಂಗಾ ಹಿಂಡಿಗೆ ಯಾರೂ ಕೈ ಹಾಕಲಿಲ್ಲವಂತೆ. ಅದರ ಮರುವಾರ ಗುಂಪಿಗೇ ಕರೆಯಲಿಲ್ಲ. ಅಷ್ಟರಲ್ಲಿ ಆಕೆ ಐಸಿಟಿಸಿಗೆ ಹೋಗಿ ಬಂದಿದ್ದರು, ಅಲ್ಲಿ ನೆಗೆಟಿವ್. ಅವರೇ ಬಂದು ನನಗೆ ಹೇಳಿದರು. (ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು, ವರ್ಷ ಕೇಳಬೇಡಿ.) ನಾನೋ, ಗುಡಿ ಮೈಕಿನಲ್ಲೇ ಸಾರಿಬಿಡೋಣ ಅಂತ ಹೊರಟೆ. ಸಮಾಲೋಚಕಿ ಫೋನಿನಲ್ಲೇ ತಡೆದರು: "ಇವತ್ತು ಒಬ್ಬರದು ನೆಗೆಟಿವ್ ಅಂತ ಸಾರಿದ್ರೆ, ನಾಳೆ ಯಾರದು ಸಾರಲಿಲ್ಲವೋ ಅವರದು ಪಾಸಿಟಿವ್ ಅಂತ ಊರು ಲೆಕ್ಕ ಹಾಕ್ತದ್ರಿ."

ದಕ್ಷಿಣ ಆಫ್ರಿಕಾದವರು ಇದನ್ನು ಅಂಗಿಯಿಂದಲೇ ಬಗೆಹರಿಸಿದರು. ಎಲ್ಲರಿಗೂ ಎಚ್‌ಐವಿ ಔಷಧ ಸಿಗಲೆಂದು 1998ರಲ್ಲಿ ಹೋರಾಟ ಶುರುಮಾಡಿದ ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್‌ನವರು ಎದೆಯ ಮೇಲೆ ‘ಎಚ್‌ಐವಿ ಪಾಸಿಟಿವ್’ ಎಂದು ದೊಡ್ಡದಾಗಿ ಬರೆದ ಟೀ ಶರ್ಟ್ ಹಾಕುತ್ತಿದ್ದರು, ಸೋಂಕು ಇದ್ದವರೂ ಇಲ್ಲದವರೂ. 2002ರಲ್ಲಿ ಮಂಡೇಲಾ ಕೂಡ ಹಾಕಿಕೊಂಡರು. ಎಲ್ಲರ ಮೈಮೇಲೂ ಅದೇ ಅಂಗಿ ಇದ್ದರೆ ಯಾರತ್ತ ಬೆರಳು ತೋರಿಸುವುದು? ನಮ್ಮೂರಲ್ಲಿ ಆ ಅಂಗಿ ಹಾಕಿ ಅನ್ನುವ ಧೈರ್ಯ ನನಗಿಲ್ಲ. ಅದೇ ಲೆಕ್ಕವನ್ನು ವರದಿ ಕೊಡುವ ಕವರಿನಲ್ಲಿ ಮಾಡಬಹುದು.

ಈಗ ನಿಮ್ಮ ಶಿಬಿರಕ್ಕೆ ಬರೋಣ. ಮೊದಲು ಡಿಸೆಂಬರ್ 1ನ್ನು ಬಿಡಿ. 1988ರಿಂದ ಜಗತ್ತೇ ಆಚರಿಸುವ ದಿನ, ಅವತ್ತು ಶಾಲೆಯಲ್ಲೊಂದು ಭಾಷಣ ಇಟ್ಟುಕೊಳ್ಳಿ, ಸಾಕು. ನಿಮ್ಮ ಕಡೆ ಗುಳೆ ಹೋದವರು ಊರಲ್ಲಿರುವುದು ಉಗಾದಿಗೆ, ಅಲಾಯಿ ಹಬ್ಬಕ್ಕೆ, ಜಾತ್ರೆಗೆ. ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುವವರು ಇಲ್ಲದಾಗ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡು ಏನು ಪ್ರಯೋಜನ?

‘ಎಚ್‌ಐವಿ ಶಿಬಿರ’ ಅಂತ ಬ್ಯಾನರ್ ಬೇಡವೇ ಬೇಡ. ‘ಆರೋಗ್ಯ ತಪಾಸಣೆ’ ಸಾಕು: ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ಎಚ್‌ಐವಿ, ಕೆಮ್ಮು ಇದ್ದವರಿಗೆ ಕ್ಷಯದ ವಿಚಾರಣೆ. ಬ್ಯಾನರ್ ಮರೆಮಾಚಲಿ, ಮೇಜು ಮರೆಮಾಚಬಾರದು: ಯಾವ ಹನಿ ಯಾವ ಪರೀಕ್ಷೆಗೆ ಎಂದು ಚುಚ್ಚುವ ಮೊದಲೇ ಹೇಳಿ, ಎಚ್‌ಐವಿಗೆ ಪ್ರತ್ಯೇಕ ಒಪ್ಪಿಗೆ ಪಡೆಯಬೇಕು. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಇದನ್ನೇ ಹೇಳುತ್ತದೆ. ಒಲ್ಲೆ ಅಂದವರೂ ಒಳಕೋಣೆಗೆ ಹೋಗಿ ಅಷ್ಟೇ ಹೊತ್ತು ಕೂತು ಬರಲಿ. ಇಲ್ಲದಿದ್ದರೆ ಒಲ್ಲೆ ಅಂದದ್ದೇ ಸುದ್ದಿಯಾಗುತ್ತದೆ.

ತಂಡವನ್ನು ಜಿಲ್ಲಾ ಏಡ್ಸ್ ನಿಯಂತ್ರಣ ಘಟಕ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕವೇ ಕೇಳಿ. ಇಬ್ಬರು ಸಮಾಲೋಚಕರು ಬೇಕೆಂದು ಪಟ್ಟು ಹಿಡಿಯಿರಿ. ಒಬ್ಬರಿಗೆ ಹತ್ತು ನಿಮಿಷವೆಂದರೆ ಒಬ್ಬ ಸಮಾಲೋಚಕರಿಂದ ಗಂಟೆಗೆ ಆರೇ ಜನ. ಮುಂಚಿನದೂ ಆಮೇಲಿನದೂ ಸೇರಿದರೆ ಮೂರೇ. ಇಬ್ಬರು ಆರು ಗಂಟೆ ಕೂತರೆ 36. ಹಾಗಾಗಿ 35 ಟೋಕನ್ ಮಾತ್ರ ಕೊಡಿ, ಉಳಿದವರಿಗೆ ಇನ್ನೊಂದು ದಿನ. "ಜನ ಹೆಚ್ಚು ಬರೋ ಹಾಗೆ" ಅನ್ನುವ ನಿಮ್ಮ ಆಸೆಯೇ ಇಲ್ಲಿ ಶತ್ರು. ಹೆಸರು ಕೂಗಬೇಡಿ, ಟೋಕನ್ ಸಂಖ್ಯೆ ಕೂಗಿ. ಹೆಸರಿನ ರಿಜಿಸ್ಟರ್ ಸಮಾಲೋಚಕರ ಹತ್ತಿರ ಮಾತ್ರ ಇರಲಿ, ಸಂಘದ ಹುಡುಗರು ಅದರ ಹತ್ತಿರ ಸುಳಿಯಬಾರದು. ಹೊರಹೋಗಲು ಹಿಂಬಾಗಿಲು ಇಲ್ಲದ ಕಟ್ಟಡವಾದರೆ ಆ ಕಟ್ಟಡವೇ ಬೇಡ, ಶಾಲೆ ನೋಡಿ. ಊಟ ಇಡಬೇಡಿ.

ನೆಗೆಟಿವ್ ಬಂದವರಿಗೂ ಹತ್ತು ನಿಮಿಷ ಹೇಳುವುದಿದೆ ಎಂದು ನನಗೆ ಆಮೇಲೆ ತಿಳಿಯಿತು. ಸೋಂಕು ತಗುಲಿದ ಕೂಡಲೇ ಕಿಟ್‌ನಲ್ಲಿ ಕಾಣುವುದಿಲ್ಲ. ಈಚೆಗೆ ಸೋಂಕು ತಗುಲುವ ಅಪಾಯಕ್ಕೆ ಒಳಗಾಗಿದ್ದರೆ 3 ತಿಂಗಳಿಗೆ ಮತ್ತೆ ನೋಡಿಸಬೇಕು. ಅಪಾಯವಾಗಿ 72 ಗಂಟೆ ದಾಟಿರದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಕೇಳಬೇಕು, 28 ದಿನದ ತಡೆ ಔಷಧ ಉಂಟು.

ಪಾಸಿಟಿವ್ ಖಚಿತವಾದವರಿಗೆ ವೈರಸ್ಸನ್ನು ಹತ್ತಿಕ್ಕುವ ಎ.ಆರ್.ಟಿ ಔಷಧ ಉಚಿತ, 2004ರಿಂದ. ಈಗ ಬಹುತೇಕರಿಗೆ ದಿನಕ್ಕೆ ಒಂದೇ ಮಾತ್ರೆ, ಮೂರು ಔಷಧ ಒಂದರಲ್ಲೇ. ತಪ್ಪದೆ ನುಂಗಿ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಜಾಥಾ ಮಾಡಲೇಬೇಕಿದ್ದರೆ ತಲೆಬುರುಡೆ, ‘ಮಹಾಮಾರಿ’ ಬಿಟ್ಟು ಈ ಒಂದು ವಾಕ್ಯ ಬರೆಸಿ. ಗುಳೆ ಹೋಗುವವರು ಹೊರಡುವ ಮೊದಲೇ ಎ.ಆರ್.ಟಿ ಕೇಂದ್ರಕ್ಕೆ ಹೇಳಿದರೆ ಹೋಗುವ ಊರಿನ ಕೇಂದ್ರಕ್ಕೆ ಬರೆದುಕೊಡುತ್ತಾರೆ. ಹೇಳದೆ ಹೋದವರ ಮಾತ್ರೆಯೇ ತಪ್ಪುವುದು. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಯನ್ನು, ಕ್ಯಾಲ್ಸಿಯಂ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ಎ.ಆರ್.ಟಿ ಮಾತ್ರೆಯ ಜೊತೆ ನುಂಗಿದರೆ, ಅದರಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆಯಾದರೆ ಅಡ್ಡಿಯಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಆ ಮಾತ್ರೆಗಳು ಆಶಾ ಅಕ್ಕನಿಂದ ಮನೆಬಾಗಿಲಿಗೇ ಬರುವುದರಿಂದ ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ನಿಜ ಕೇಳಿದರೆ, ಶಿಬಿರದ ಪೆಂಡಾಲ್ ದುಡ್ಡನ್ನು ಬಸ್ಸಿಗೆ ಇಡಿ ಅನ್ನುತ್ತೇನೆ. ಹೆಣ್ಣುಮಕ್ಕಳಿಗೆ ಹೇಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಗಂಡಸರ ಟಿಕೆಟ್ ಸಂಘ ಕೊಡಲಿ, ಸಂತೆ ದಿನ ಐಸಿಟಿಸಿಗೆ ಹೋಗಿ ಬರಲಿ. ಸಂತೆಗೆ ಹೋದವರನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. 1097ಕ್ಕೆ ಕರೆ ಮಾಡಿದರೂ ಹತ್ತಿರದ ಕೇಂದ್ರ ತಿಳಿಸುತ್ತಾರೆ, ಕರೆಗೆ ದುಡ್ಡಿಲ್ಲ.

ಇಷ್ಟಾದರೂ ಶಿಬಿರವೇ ಬೇಕು ಅನ್ನುವುದಾದರೆ, ಎಲ್ಲರಿಗೂ ಒಂದೇ ಅಳತೆಯ ಹಾಳೆ, ಅಷ್ಟೇ ಮಡಿಕೆ, ಒಂದೇ ಕವರ್, ಅಂಟಿಸಿ ಕೊಡುವುದು. ಕವರ್ ಖಾಕಿಯದೇ ತನ್ನಿ. ಬಿಳಿಯ ತೆಳು ಕವರನ್ನು ಬಿಸಿಲಿಗೆ ಹಿಡಿದರೆ ಒಳಗಿನ ಸೀಲು ಕಾಣುತ್ತದೆ, ನಾನೇ ಹಿಡಿದು ನೋಡಿದ್ದೇನೆ.